ಗೂಡು ಹುಡುಕುವ ಗೀಳು

ಮಳೆಗಾಲ ಶುರುವಾದರೆ ಸಾಕು, ನಮ್ಮ ಮುಂಬಯಿಯ ಕ್ಯಾಮೆರಾ ಮಿತ್ರರು ಕರ್ಜತ್ ಕಡೆಯ ಕಾಡುಹಳ್ಳಗಳಿಗೆ ಇಳಿಯುತ್ತಾರೆ. ಜಲಪಾತ ನೋಡಲಿಕ್ಕಲ್ಲ ಸ್ವಾಮಿ, ಮಲಬಾರ್ ವಿಸ್ಲಿಂಗ್ ಥ್ರಷ್‌ನ ಗೂಡು ಹುಡುಕಲಿಕ್ಕೆ! ಶಾಲೆಗೆ ಹೊರಟ ಸೋಮಾರಿ ಹುಡುಗ ರಾಗ ಮರೆತು ಸಿಳ್ಳೆ ಹಾಕಿದಂತೆ ಹಾಡುವ ಕಡುನೀಲಿ ಹಕ್ಕಿ ಅದು. ನಮ್ಮ ಮಲೆನಾಡಿನವರು ನಸುಕಿನಲ್ಲಿ ಆ ಸಿಳ್ಳೆ ಕೇಳಿಯೇ ಇರುತ್ತೀರಿ.

ಅದು ಗೂಡು ಕಟ್ಟುವುದು ಹಳ್ಳದ ಪಕ್ಕದ ಬಂಡೆಯ ಸಂದಿನಲ್ಲಿ, ಕೆಲವೊಮ್ಮೆ ಬೀಳುವ ನೀರಿನ ಹಿಂದೆಯೇ. ಪಾಚಿ, ಬೇರು, ಕೆಸರು ಸೇರಿಸಿದ ಒಂದು ಮೆತ್ತೆ. ಅಷ್ಟು ಜತನದಿಂದ ಅಡಗಿಸಿದ್ದನ್ನು ನಾವು ಒಂದು ಭಾನುವಾರ ಪತ್ತೆ ಹಚ್ಚಿ, "ಅಡ್ಡ ಬಂದ" ಜರಿಗಿಡ ಕಿತ್ತು, ಫೋಟೋ ತೆಗೆದು, ಜಾಗದ ಗುರುತು ಸಮೇತ ಹಂಚುತ್ತೇವೆ.

ನಾನೇನೂ ಸಾಚಾ ಅಲ್ಲ. 2009ರ ಜುಲೈನಲ್ಲಿ ಜರಿ ಸರಿಸಿ ಹಿಡಿದುಕೊಂಡವನು ನಾನೇ. ಒಳಗೆ ಮೂರು ಮೊಟ್ಟೆ. ಎದುರು ಬಂಡೆಯ ಮೇಲೆ ತಾಯಿಯೋ ತಂದೆಯೋ (ಎರಡೂ ಒಂದೇ ಥರ ಕಾಣುತ್ತವೆ) ಕರ್ಕಶವಾಗಿ ಕೂಗುತ್ತಿತ್ತು. "ಪೋಸ್ ಕೊಡ್ತಾ ಇದೆ" ಅಂದರು ಒಬ್ಬರು. ನಾನೂ ನಕ್ಕೆ. ಮುಂದಿನ ವಾರ ಹೋದರೆ ಗೂಡು ಖಾಲಿ. ಹಾವೋ, ಕಾಗೆಯೋ... ನಮ್ಮಿಂದಲೇ ಅಂತ ಏನು ಪುರಾವೆ, ಅಂತ ಸಮಾಧಾನ ಮಾಡಿಕೊಂಡೆವು. ಬ್ಯಾಂಕಿನಲ್ಲಿ ಕ್ಯಾಶ್ ತಾಳೆಯಾಗದಿದ್ದರೆ ಮನೆಗೆ ಹೋಗುವಂತಿಲ್ಲ. ಅವತ್ತು ಮಾತ್ರ ಮೂರು ಮೊಟ್ಟೆ ಕಮ್ಮಿ ಬಿದ್ದರೂ ಲೋಕಲ್ ಹಿಡಿದು ಬಂದುಬಿಟ್ಟೆ.

"ದೂರದಿಂದ ನೋಡಿದರೆ ತಪ್ಪೇನು?" ಅನ್ನುತ್ತಾರೆ. ಬಚ್ಚಿಟ್ಟ ಗೂಡನ್ನು ದೂರದಿಂದ ಹುಡುಕಿದವರನ್ನು ನಾನಂತೂ ಕಂಡಿಲ್ಲ! ಹಕ್ಕಿ ಎದ್ದು ಹೋದಷ್ಟು ಹೊತ್ತು ಮೊಟ್ಟೆ ಆರುತ್ತದೆ. ಮರೆಯಾಗಿದ್ದ ಎಲೆ ಹೋದರೆ ಗೂಡು ನಮಗಷ್ಟೇ ಅಲ್ಲ, ಕಾಗೆಗೂ ಕಾಣುತ್ತದೆ. ಇನ್ನು ಕಾನೂನು ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ "ಬೇಟೆ" ಎಂಬ ಪದದ ವ್ಯಾಖ್ಯೆಯಲ್ಲೇ ಕಾಡುಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದನ್ನೂ ಸೇರಿಸಿದೆ. ಕೋವಿ ಹಿಡಿದವನಿಗೂ ಲೆನ್ಸ್ ಹಿಡಿದು ಗೂಡು ಕೆದಕಿದವನಿಗೂ ಒಂದೇ ಹೆಸರು! ಅನುಮತಿ ಪಡೆದು, ವರ್ಷಗಟ್ಟಲೆ ಲೆಕ್ಕ ಬರೆದಿಡುವ ಸಂಶೋಧಕರ ಮಾತು ಬೇರೆ. ನಮ್ಮದು ಬರೀ ಲೈಕಿನ ಆಸೆ.

ಹಾಡು ಕೇಳಬೇಕೇ? ಬೆಳಕು ಹರಿಯುವ ಮುಂಚೆ ಹಳ್ಳದ ಈಚೆ ದಡದಲ್ಲಿ ಸುಮ್ಮನೆ ಕೂತಿರಿ. ನೀರಿನ ಸದ್ದನ್ನೂ ಮೀರಿ ಸಿಳ್ಳೆ ಕೇಳಿಸುತ್ತದೆ. ಅಕಸ್ಮಾತ್ ಗೂಡು ಕಣ್ಣಿಗೆ ಬಿತ್ತೋ, ಬಂದ ದಾರಿಯಲ್ಲೇ ವಾಪಸ್ ಹೋಗಿ. ನನಗೂ ಫೋನ್ ಮಾಡಬೇಡಿ.