ಅಲ್ಲಿ ಸ್ಪ್ಯಾನಿಷ್‌ಗೆ ತೊಟ್ಟಿಲು, ಇಲ್ಲಿ ಕನ್ನಡಕ್ಕೆ ಬಾಗಿಲು!



ಅಮೆರಿಕದಲ್ಲಿ ಇಂಗ್ಲಿಷ್ ಬಿಟ್ಟು ಬೇರೇನೂ ಬಾರದ ಎಷ್ಟೋ ತಂದೆತಾಯಿಗಳು ತಮ್ಮ ಹಸುಗೂಸುಗಳ ಕಿವಿಗೆ ಸ್ಪ್ಯಾನಿಷ್ ಹಾಕಲು ಒದ್ದಾಡುತ್ತಿದ್ದಾರೆ. ಸ್ಪ್ಯಾನಿಷ್ ಆಡುವ ಆಯಾಗಳನ್ನು ಹುಡುಕಿ ಮನೆಗೆ ಕರೆತರುತ್ತಾರೆ. ಸ್ಪ್ಯಾನಿಷ್ ಹಾಡು, ಸ್ಪ್ಯಾನಿಷ್ ಚಿತ್ರಪುಸ್ತಕ ತರುತ್ತಾರೆ. ಗಂಡ ಇಂಗ್ಲಿಷಿನಲ್ಲಿ, ಹೆಂಡತಿ ಕಾಲೇಜಿನಲ್ಲಿ ಕಲಿತ ಅರೆಬರೆ ಸ್ಪ್ಯಾನಿಷಿನಲ್ಲಿ ಮಗುವನ್ನು ಮಾತಾಡಿಸುವ ಮನೆಗಳೂ ಇವೆ. ಇಂಗ್ಲಿಷಿನ ತವರಾಗಿ ಕುಳಿತ ದೇಶಕ್ಕೇ ಒಂದು ಭಾಷೆ ಸಾಲದಾಗಿದೆ! ನಮ್ಮ ಬೆಂಗಳೂರಿನ ಮಮ್ಮಿ-ಡ್ಯಾಡಿಗಳಿಗೆ ಈ ಸುದ್ದಿಯನ್ನು ಯಾರಾದರೂ ಮುಟ್ಟಿಸಬೇಕು.

ಆದರೆ ಈ ಪ್ರೀತಿಯ ಹಿಂದಿನ ಕಥೆ ಕೇಳಿ. ಕ್ಯಾಲಿಫೋರ್ನಿಯಾ 1848ರವರೆಗೆ ಮೆಕ್ಸಿಕೋಗೆ ಸೇರಿದ್ದ ನೆಲ. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋ ಎಂಬ ಹೆಸರುಗಳೇ ಸ್ಪ್ಯಾನಿಷ್. ಅಲ್ಲಿಗೆ ಇಂಗ್ಲಿಷಿಗಿಂತ ಮೊದಲೇ ಬಂದು ಕೂತ ಭಾಷೆ ಅದು. ಹಾಗಿದ್ದೂ ಟೆಕ್ಸಾಸ್‌ನ ಎಷ್ಟೋ ಶಾಲೆಗಳಲ್ಲಿ 1960ರ ದಶಕದವರೆಗೂ ಮೆಕ್ಸಿಕನ್ ಮೂಲದ ಮಕ್ಕಳು ಆಟದ ಬಯಲಲ್ಲಿ ಸ್ಪ್ಯಾನಿಷ್ ಆಡಿದರೂ ಶಿಕ್ಷೆ. ಏಟು, ದಂಡ, ಶಾಲೆ ಬಿಟ್ಟ ಮೇಲೆ ಕೂಡಿಹಾಕುವುದು. ಆ ಏಟು ತಿಂದವರು ದೊಡ್ಡವರಾಗಿ ಏನು ಮಾಡಿದರು? ತಮ್ಮ ಮಕ್ಕಳಿಗೆ ಆ ಗತಿ ಬಾರದಿರಲಿ ಎಂದು ಎಷ್ಟೋ ಜನ ಮನೆಯಲ್ಲಿ ಸ್ಪ್ಯಾನಿಷ್ ಆಡುವುದನ್ನೇ ಬಿಟ್ಟರು. ಅಜ್ಜಿಯ ಮಾತು ಅರ್ಥವಾಗದ ಮೊಮ್ಮಕ್ಕಳು ಅಲ್ಲಿ ಬೇಕಾದಷ್ಟಿದ್ದಾರೆ. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 227ನೇ ಪ್ರಸ್ತಾವಕ್ಕೆ ಓಟು ಹಾಕಿ ಶಾಲೆಗಳಲ್ಲಿ ಎರಡು ಭಾಷೆಯ ಪಾಠವನ್ನು ಹೆಚ್ಚುಕಡಿಮೆ ಮುಚ್ಚಿಸಿದರು. 2016ರಲ್ಲಿ 58ನೇ ಪ್ರಸ್ತಾವಕ್ಕೆ ಓಟು ಹಾಕಿ ಅದೇ ಬಾಗಿಲು ತೆರೆದರು. ಬುದ್ಧಿ ಬರಲು 18 ವರ್ಷ ಬೇಕಾಯಿತು!

ಬಡವನ ಮಗುವಿನ ಬಾಯಲ್ಲಿ ಅಪರಾಧವಾಗಿದ್ದ ಮಾತು ಸಾಹುಕಾರನ ಮಗುವಿನ ಬಾಯಲ್ಲಿ ಒಡವೆಯಾಗಿದೆ. (ಸ್ಪ್ಯಾನಿಷ್ ಕೂಡ ಪಾಪದ ಹಸುವಲ್ಲ. ಪೆರುವಿನಲ್ಲಿ ಕೆಚುವಾ ಭಾಷೆಯ ಕತ್ತು ಹಿಸುಕಿದ್ದು ಇದೇ ಸ್ಪ್ಯಾನಿಷ್. ಅದು ಇನ್ನೊಂದು ಲೇಖನಕ್ಕಾಗುವ ಮಾತು.)

ಈಗ ನಮ್ಮ ಊರಿಗೆ ಬನ್ನಿ. ನಗರದ ಒಂದು ಪ್ಲೇ ಹೋಮ್‌ನವರು ತಂದೆತಾಯಿಗಳಿಗೆ ಚೀಟಿ ಕೊಡುತ್ತಾರೆ: ಮನೆಯಲ್ಲಿ ಮಗುವಿನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿ, ಇಲ್ಲವಾದರೆ ಮಗು ಗೊಂದಲಕ್ಕೆ ಬೀಳುತ್ತದೆ. ಅಚ್ಚು ಹಾಕಿಸಲು ಅದು ನನ್ನ ಪ್ರೆಸ್ಸಿಗೇ ಬಂದಿತ್ತು. ವಾಪಸು ಕಳಿಸಿದೆ. ಎದುರಿನ ಪ್ರೆಸ್ಸಿನಲ್ಲಿ ಅಚ್ಚಾಯಿತು, ಆ ಮಾತು ಬೇರೆ.

ಯಾವ ಗೊಂದಲ ಸ್ವಾಮಿ? ಹುಟ್ಟಿದ ಕೂಸು ಜಗತ್ತಿನ ಯಾವ ಭಾಷೆಯ ದನಿಯನ್ನಾದರೂ ಬೇರೆಬೇರೆಯಾಗಿ ಗುರುತಿಸಬಲ್ಲದು. ವರ್ಷ ತುಂಬುವ ಹೊತ್ತಿಗೆ ತನ್ನ ಸುತ್ತ ಕೇಳಿದ ದನಿಗಳಲ್ಲಿ ಪಳಗಿ, ಕೇಳದೇ ಇದ್ದವುಗಳನ್ನು ಬಿಡತೊಡಗುತ್ತದೆ. ಅಮೆರಿಕದ ವಿಜ್ಞಾನಿ ಪ್ಯಾಟ್ರಿಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳ ಜೊತೆ ಚೀನೀ ಭಾಷೆಯವರು 25 ನಿಮಿಷದಂತೆ 12 ಸಲ ಕೂತು ಆಡಿದರು, ಓದಿದರು. ಕೂಸುಗಳು ಚೀನೀ ದನಿಗಳನ್ನು ಹಿಡಿದವು. ಇದನ್ನೇ ಟಿ.ವಿ.ಯಲ್ಲಿ ತೋರಿಸಿದಾಗ? ಏನೂ ಹತ್ತಲಿಲ್ಲ! ಮೊಬೈಲ್ ಕೈಗಿಟ್ಟು ರೈಮ್ಸ್ ಹಾಕಿ ಅಡುಗೆಮನೆಗೆ ಹೋಗುವವರು ಇದನ್ನು ಎರಡು ಸಲ ಓದಬೇಕು. ಭಾಷೆ ಕಲಿಸುವುದು ಎದುರಿಗೆ ಕೂತ ಮನುಷ್ಯ. ಅಮೆರಿಕದವರು ಸಂಬಳ ಕೊಟ್ಟು ತರುವ ಆ ಮನುಷ್ಯರು ನಿಮ್ಮ ಮನೆಯಲ್ಲಿ ಅಜ್ಜಿ, ತಾತ ಎಂಬ ಹೆಸರಿನಲ್ಲಿ ಪುಕ್ಕಟೆ ಕೂತಿದ್ದಾರೆ. ಅವರಿಗೆ "ಮಗು ಹತ್ತಿರ ಕನ್ನಡ ಬೇಡಮ್ಮಾ" ಎನ್ನುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ?

2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಅಮೆರಿಕದಲ್ಲಿ ಮನೆಯೊಳಗೆ ಸ್ಪ್ಯಾನಿಷ್ ಆಡುವವರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ನಾವೇನು ಬೆರಳೆಣಿಕೆಯ ಜನವಲ್ಲ. 1982ರಲ್ಲಿ ಗೋಕಾಕ್ ಚಳವಳಿಗಾಗಿ ನಮ್ಮ ಹಿರಿಯರು ಬೀದಿ ತುಂಬಿದರು. ತಾಯ್ನುಡಿಯಲ್ಲೇ ಕಲಿಸಿ ಎಂದು ಸರ್ಕಾರ ಪ್ರಾಥಮಿಕ ಶಾಲೆಗಳ ಮೇಲೆ ಒತ್ತಾಯ ಹೇರುವಂತಿಲ್ಲ ಎಂದು 2014ರ ಮೇನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಟ್ಟಿಹಾಕಿದ್ದು ಸರ್ಕಾರದ ಕೈಯನ್ನು. ನಿಮ್ಮ ನಾಲಗೆಯನ್ನು ಯಾವ ಕೋರ್ಟು ಕಟ್ಟಿದೆ?

ಇಂಗ್ಲಿಷ್ ಬೇಡ ಎಂದು ಈ ಪತ್ರಿಕೆ ಹೇಳುತ್ತಿಲ್ಲ. ಪಕ್ಕದ ಮನೆಯ ತಮಿಳು, ಉರ್ದು ಬರಲಿ, ಬೇಕಿದ್ದರೆ ಸ್ಪ್ಯಾನಿಷ್ಷೂ ಬರಲಿ. ಮಗುವಿನ ತಲೆಯಲ್ಲಿ ಜಾಗಕ್ಕೇನೂ ಬರವಿಲ್ಲ. ಮಗು "ಅಪ್ಪಾ, ಬಾಲ್ ಥ್ರೋ ಮಾಡು" ಅಂದರೆ ಗದರಬೇಡಿ, ನಗಬೇಡಿ. "ಚೆಂಡು ಎಸೀಲಾ? ತಗೋ" ಎಂದು ಎಸೆಯಿರಿ. ಶಾಲೆಯಿಂದ ಆ ಚೀಟಿ ಬಂದರೆ, ಮನೆಯಲ್ಲಿ ಯಾವ ಭಾಷೆ ಆಡಬೇಕೆಂದು ಹೇಳುವ ಅಧಿಕಾರ ನಿಮಗೆ ಯಾರು ಕೊಟ್ಟರು ಎಂದು ಬರವಣಿಗೆಯಲ್ಲಿ ಕೇಳಿ. ಕನ್ನಡದಲ್ಲೇ ಬರೆಯಿರಿ. ಉತ್ತರ ಬಂದರೆ ನಮಗೊಂದು ಪ್ರತಿ ಕಳಿಸಿ, ಅಚ್ಚು ಹಾಕುತ್ತೇವೆ.