ಮೂರನೇ ತೂತಿನ ಹಿಂದೆ ಏನಿದೆ?

ಗ್ರೈಂಡರ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂಬುದು ಎಷ್ಟೋ ಮನೆಗಳಲ್ಲಿ ಒಂದು ದೂರೇ ಅಲ್ಲ. ಅದಕ್ಕೆ ಪರಿಹಾರವೂ ಎಲ್ಲರಿಗೂ ಗೊತ್ತು: ಕಾಲಿಗೆ ರಬ್ಬರ್ ಚಪ್ಪಲಿ, ಇಲ್ಲವೇ ಕಾಲಡಿಗೆ ಒಂದು ಮರದ ಮಣೆ. ಮನೆಗೆ ಹೊಸದಾಗಿ ಬಂದ ಸೊಸೆಗೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ತೋರಿಸಿದಷ್ಟೇ ಸಹಜವಾಗಿ ‘ಒದ್ದೆ ಕೈಯಲ್ಲಿ ಅದನ್ನು ಮುಟ್ಟಬೇಡಮ್ಮ’ ಎಂದೂ ಹೇಳಿಕೊಡುತ್ತಾರೆ. ದೋಸೆ ಹಿಟ್ಟು ರುಬ್ಬುವವರ ಕೈ ಒದ್ದೆಯಾಗದೆ ಇರುವುದಾದರೂ ಹೇಗೆ?

ಜುಮ್ಮೆನ್ನುವುದು ಗ್ರೈಂಡರಿನ ಸ್ವಭಾವವಲ್ಲ. ಮೋಟಾರಿನಿಂದಲೋ ಸವೆದ ವೈರಿನಿಂದಲೋ ಕರೆಂಟು ಹೊರಮೈಗೆ ಸೋರುತ್ತಿದೆ, ಭೂಮಿಗೆ ಇಳಿಯಲು ಬೇರೆ ದಾರಿ ಕಾಣದೆ ಮನುಷ್ಯನ ದೇಹವನ್ನೇ ದಾರಿ ಮಾಡಿಕೊಳ್ಳುತ್ತಿದೆ ಎಂದು ಅದರ ಅರ್ಥ. ಅದು ಹಿಡಿಯಬೇಕಿದ್ದ ಬೇರೆ ದಾರಿಯ ಹೆಸರು ಅರ್ಥಿಂಗ್. ಗೋಡೆಯ ಸಾಕೆಟ್ಟಿನಲ್ಲಿ ಎರಡು ತೂತುಗಳ ಮೇಲೆ ದಪ್ಪನೆಯ ಮೂರನೇ ತೂತು ಇರುವುದು ಇದಕ್ಕಾಗಿಯೇ.

ಆದರೆ ತೂತು ಇದ್ದರೆ ಸಾಲದು, ಅದರ ಹಿಂದೆ ವೈರ್ ಇರಬೇಕು. ಬೋರ್ಡು ಬಿಚ್ಚಿ ನೋಡಿದರೆ ಕೆಲವು ಕಡೆ ಆ ಸ್ಕ್ರೂ ಖಾಲಿ. ಇನ್ನು ಕೆಲವು ಕಡೆ ಪಕ್ಕದ ನ್ಯೂಟ್ರಲ್‌ನಿಂದಲೇ ಒಂದು ತುಂಡು ವೈರ್ ತಂದು ಅದಕ್ಕೆ ಸಿಕ್ಕಿಸಿರುತ್ತಾರೆ. ಖಾಲಿಗಿಂತ ಇದು ಕೆಟ್ಟದ್ದು. ನ್ಯೂಟ್ರಲ್ ಎಲ್ಲಾದರೂ ಕಡಿದುಹೋದರೆ ಸ್ವಿಚ್ ಹಾಕಿದ ಉಪಕರಣದ ಲೋಹದ ಮೈಗೆಲ್ಲ 230 ವೋಲ್ಟ್ ಬಂದು ನಿಲ್ಲುತ್ತದೆ. ಹಳೆಯ ಮನೆಗಳಲ್ಲಿ ನೀರಿನ ಕಬ್ಬಿಣದ ಪೈಪಿಗೇ ಅರ್ಥಿಂಗ್ ಕಟ್ಟುವ ರೂಢಿಯಿತ್ತು. ಆಮೇಲೆ ರಿಪೇರಿಗೆ ಬಂದ ಪ್ಲಂಬರ್ ನಡುವೆ ಪ್ಲಾಸ್ಟಿಕ್ ಪೈಪು ಜೋಡಿಸಿ ಹೋದರೆ ಭೂಮಿಯ ನಂಟು ಅಲ್ಲಿಗೆ ಮುಗಿಯಿತು. ಅಂಥ ಮನೆಯಲ್ಲಿ ನಲ್ಲಿ ಮುಟ್ಟಿದರೂ ಶಾಕ್ ಹೊಡೆಯಬಹುದು.

ಸೋರಿಕೆಯ ಕತೆ ಹೀಗಾದರೆ ಹೊರೆಯ ಕತೆ ಬೇರೆ. ಮಿಕ್ಸಿಗೊಂದು, ಫ್ರಿಜ್ಜಿಗೊಂದು ಪ್ಲಗ್ ಇದ್ದರೆ ಸಾಕು ಎಂದು ಕಟ್ಟಿಸಿದ ಅಡುಗೆಮನೆಗಳಲ್ಲಿ ಇಂದು ಇಂಡಕ್ಷನ್ ಒಲೆ, ಓವನ್, ನೀರು ಕಾಯಿಸುವ ಕೆಟಲ್ ಎಲ್ಲವೂ ಬಂದು ಕುಳಿತಿವೆ. ಲೆಕ್ಕ ಕಷ್ಟದ್ದಲ್ಲ. ಉಪಕರಣದ ಮೇಲೆ ಬರೆದಿರುವ ವಾಟ್ ಸಂಖ್ಯೆಯನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಆ್ಯಂಪ್ ಹೆಚ್ಚುಕಡಿಮೆ ಸಿಗುತ್ತದೆ. 2000 ವಾಟಿನ ಇಂಡಕ್ಷನ್ ಒಲೆ ಸುಮಾರು 8.7 ಆ್ಯಂಪ್, 1500 ವಾಟಿನ ಕೆಟಲ್ 6.5, 1200 ವಾಟಿನ ಓವನ್ 5.2. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಮೂರನ್ನೂ ಸಿಕ್ಕಿಸಿದರೆ 20 ಆ್ಯಂಪ್ ದಾಟುತ್ತದೆ. ಗೋಡೆಯ ದೊಡ್ಡ ಪವರ್ ಪ್ಲಗ್ಗಿನ ಶಕ್ತಿಯೇ 16 ಆ್ಯಂಪ್, ಸಣ್ಣ ಪ್ಲಗ್ಗಿನದು 6.

ಹೀಗಾದಾಗ ಎಂಸಿಬಿ ಪದೇ ಪದೇ ಬೀಳುತ್ತದೆ. ಆಗ ಬಂದ ವೈರ್‌ಮನ್ 16 ಆ್ಯಂಪಿನದನ್ನು ಕಿತ್ತು 32 ಆ್ಯಂಪಿನದನ್ನು ಹಾಕಿ ಹೋದರೆ ಮನೆಯವರಿಗೆ ಸಮಾಧಾನ, ಇನ್ನು ಬೀಳುವುದಿಲ್ಲ. ಬೀಳುವುದಿಲ್ಲ ನಿಜ. ಆದರೆ ಗೋಡೆಯೊಳಗಿನ ವೈರ್ ಹಳೆಯದೇ. ಕಿಟ್‌ಕ್ಯಾಟ್ ಫ್ಯೂಸಿನ ಕಾಲದಲ್ಲಿ ಸುಟ್ಟ ತಂತಿಯ ಜಾಗಕ್ಕೆ ದಪ್ಪ ತಾಮ್ರದ ಎಳೆ ಸುತ್ತುತ್ತಿದ್ದ ಜಾಣತನದ ಹೊಸ ಅವತಾರ ಇದು. ಮೊದಲು ಫ್ಯೂಸ್ ಸುಡುತ್ತಿತ್ತು, ಇನ್ನು ವೈರ್ ಸುಡುತ್ತದೆ. ಅಡುಗೆಮನೆಯ ಪವರ್ ಪ್ಲಗ್ಗಿಗೆ ದೀಪದ ಲೈನಿನಿಂದ ಕವಲು ತೆಗೆಯಬಾರದು. ಅದಕ್ಕೆ ಐಎಸ್‌ಐ ಗುರುತಿನ 2.5 ಅಥವಾ 4 ಚದರ ಮಿಲಿಮೀಟರಿನ ತಾಮ್ರದ ವೈರ್ ಪ್ರತ್ಯೇಕವಾಗಿ ಬರಬೇಕು.

ಎಂಸಿಬಿ ಇದೆಯಲ್ಲ, ಶಾಕ್ ಹೊಡೆದರೆ ಅದೇ ಬೀಳುತ್ತದೆ ಎಂಬುದು ಇನ್ನೊಂದು ತಪ್ಪು ನಂಬಿಕೆ. 16 ಆ್ಯಂಪ್ ಎಂದರೆ 16,000 ಮಿಲಿಆ್ಯಂಪ್. ಮನುಷ್ಯನ ಜೀವ ತೆಗೆಯಲು ಅದರ ನೂರರಲ್ಲೊಂದು ಪಾಲೂ ಸಾಕು. ಎಂಸಿಬಿ ಕಾಯುವುದು ವೈರನ್ನು. ಮನುಷ್ಯರನ್ನು ಕಾಯುವುದಕ್ಕೆ ಆರ್‌ಸಿಸಿಬಿ ಎಂಬ ಬೇರೆಯೇ ಸಾಧನ ಉಂಟು. ಹೋದ ಕರೆಂಟು ಅಷ್ಟೂ ಹಿಂದಿರುಗಿತೇ ಎಂದು ಅದು ಸದಾ ತಾಳೆ ನೋಡುತ್ತದೆ. ಸೋರಿಕೆ 30 ಮಿಲಿಆ್ಯಂಪಿಗೆ ಮುಟ್ಟಿತೋ, ಹೆಚ್ಚೆಂದರೆ 0.3 ಸೆಕೆಂಡಿನಲ್ಲಿ ಸಂಪರ್ಕ ಕಡಿಯುತ್ತದೆ. ಅರ್ಥಿಂಗ್ ಸರಿಯಿದ್ದ ಮನೆಯಲ್ಲಿ, ಉಪಕರಣ ಕೆಟ್ಟ ಗಳಿಗೆಯಲ್ಲೇ, ಯಾರೂ ಮುಟ್ಟುವ ಮೊದಲೇ ಅದು ಬೀಳುತ್ತದೆ. ಅದರ ಮೇಲಿರುವ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದರೂ ಬೀಳದಿದ್ದರೆ ಆ ಪೆಟ್ಟಿಗೆ ಗೋಡೆಯ ಅಲಂಕಾರ ಮಾತ್ರ.

ಇದನ್ನೆಲ್ಲ ನೋಡಿಕೊಳ್ಳಲು ಕಾನೂನು ಇಲ್ಲವೇ? ಇದೆ. ಹೊಸ ಮನೆಗೆ ವಿದ್ಯುತ್ ಸಂಪರ್ಕ ಬೇಕಾದರೆ ಪರವಾನಗಿ ಇರುವ ಗುತ್ತಿಗೆದಾರರ ಸಹಿಯುಳ್ಳ ಕಂಪ್ಲೀಷನ್ ರಿಪೋರ್ಟ್ ಕೊಡಬೇಕು. ಕರ್ನಾಟಕದಲ್ಲಿ ಈ ಪರವಾನಗಿ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಆ ಸಹಿಗೆ ಬೆಲೆ ಬರುವುದು ಅದರ ಹಿಂದೆ ಪರೀಕ್ಷೆ ನಡೆದಿದ್ದರೆ ಮಾತ್ರ. 500 ವೋಲ್ಟಿನ ಮೆಗ್ಗರ್ ಹಿಡಿದು ವೈರಿನ ಹೊದಿಕೆ ಕನಿಷ್ಠ ಒಂದು ಮೆಗಾಓಮ್ ತಡೆ ತೋರಿಸುತ್ತದೆಯೇ ಎಂದು ನೋಡಬೇಕು, ಅರ್ಥಿಂಗ್ ಅಳೆಯಬೇಕು. ವೈರ್ ಎಳೆದವರು ಒಬ್ಬರು, ಮನೆಯ ಮುಖವನ್ನೂ ನೋಡದೆ ಸಹಿ ಹಾಕಿದವರು ಇನ್ನೊಬ್ಬರು ಎಂದಾದರೆ ಆ ಕಾಗದ ಮೀಟರ್ ತರುತ್ತದೆಯೇ ಹೊರತು ಸುರಕ್ಷತೆಯನ್ನಲ್ಲ.

ಸಹಿ ಪ್ರಾಮಾಣಿಕವಾಗಿದ್ದರೂ ಅದು ಆ ದಿನದ ಮನೆಗೆ ಮಾತ್ರ ಸಾಕ್ಷಿ. ಆಮೇಲೆ ಬಂದ ಹೊಸ ಕಪಾಟು, ಅದರೊಳಗೆ ತಳ್ಳಿದ ಹೊಸ ಪ್ಲಗ್ಗು, ಸಿಂಕಿನ ಮಗ್ಗುಲಿನ ವಾಟರ್ ಫಿಲ್ಟರ್ ಇವಕ್ಕೆ ಯಾರ ಸಹಿಯೂ ಇರುವುದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ಇದನ್ನು ಸ್ಪಷ್ಟವಾಗಿಯೇ ಹೇಳಿದ್ದವು. 2023ರಲ್ಲಿ ಅವುಗಳ ಜಾಗಕ್ಕೆ ಬಂದ ನಿಯಮಗಳ ಆಶಯವೂ ಅದೇ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸಲು ಯಾರ ಅಪ್ಪಣೆಯೂ ಬೇಡ. ಆದರೆ ವೈರಿಂಗಿನ ಸಾಮರ್ಥ್ಯವನ್ನೇ ಬದಲಿಸುವ ಕೆಲಸವನ್ನು ಪರವಾನಗಿ ಉಳ್ಳವರೇ ಮಾಡಬೇಕು. ಇಂಡಕ್ಷನ್ ಒಲೆಗೆಂದು ಹೊಸ ಪವರ್ ಪಾಯಿಂಟ್ ಹಾಕಿಸುವುದು ಎರಡನೆಯ ಜಾತಿಯ ಕೆಲಸ.

ಚಿನ್ನದ ಅಂಗಡಿಯಲ್ಲಿ ಹಾಲ್‌ಮಾರ್ಕ್ ಕೇಳುವ ಗೃಹಿಣಿ, ಗ್ಯಾಸ್ ಸಿಲಿಂಡರ್ ಬಂದರೆ ವಾಷರ್ ನೋಡಿಯೇ ಇಳಿಸಿಕೊಳ್ಳುವ ಗೃಹಿಣಿ, ವೈರ್‌ಮನ್ ಬಂದಾಗ ಮಾತ್ರ ‘ಅದೆಲ್ಲ ಅವರಿಗೇ ಗೊತ್ತು’ ಎಂದು ಪಕ್ಕಕ್ಕೆ ಸರಿಯುತ್ತಾಳೆ. ಕೇಳಬೇಕಾದದ್ದು ಮೂರೇ ಮಾತು. ‘ಪರ್ಮಿಟ್ ಇದೆಯೇ? ಈ ಪ್ಲಗ್ಗಿಗೆ ಅರ್ಥಿಂಗ್ ಬಂದಿದೆಯೇ, ಅಳೆದು ತೋರಿಸಿ. ಆರ್‌ಸಿಸಿಬಿ ಎಲ್ಲಿ?’ ಕೇಳಿದವರನ್ನು ನೋಡಿ ವೈರ್‌ಮನ್ ನಗಬಹುದು. ನಕ್ಕರೂ ಚಿಂತೆಯಿಲ್ಲ, ಅಳೆದು ತೋರಿಸಿದ ಮೇಲೆಯೇ ಕಾಸು ಕೊಡುವುದು ಒಳ್ಳೆಯದು.