ನಕಾಶೆಯ ಗೆರೆ, ನಮ್ಮ ಕೇರಿ

ಚಿಕ್ಕಜಾಜೂರಿನ ಒಣನೆಲದಲ್ಲಿ ನಿಂತು ನೆರೆಯ ಮಾತಾಡಿದರೆ ನಗುವವರು ನಗಲಿ. ಇದೇ ಜಿಲ್ಲೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ 89 ವರ್ಷ ಸುಮ್ಮನಿತ್ತು. 2022ರಲ್ಲಿ ಬಿತ್ತು, 2025ರಲ್ಲಿ ಮತ್ತೆ ಬಿತ್ತು. 2022ರಲ್ಲಿ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಹೊಲ ತೋಟಗಳಿಗೇ ನುಗ್ಗಿತು. ನೀರು ಎಲ್ಲೀತನಕ ಬರ್ತದೆ ಅಂತ ಗೆರೆ ಎಳೆಯುವವರು ಇದನ್ನು ಮೊದಲು ಓದಲಿ.

ನೂರು ವರ್ಷಕ್ಕೊಮ್ಮೆಯ ನೆರೆ ಅನ್ನುತ್ತಾರೆ ಇಂಜಿನಿಯರು. ಒಮ್ಮೆ ಬಂದುಹೋದರೆ ಮೊಮ್ಮಕ್ಕಳ ಕಾಲದವರೆಗೂ ನಿಶ್ಚಿಂತೆ ಅಂತ ಅದರರ್ಥವಲ್ಲ. ಪ್ರತಿ ವರ್ಷವೂ ನೂರಕ್ಕೆ ಒಂದು ಸಂಭವ ಅಂತ. ಒಂದೇ ಗುಡಿಸಲಲ್ಲಿ 30 ವರ್ಷ ಬಾಳುವವನಿಗೆ ಅದು ನೂರಕ್ಕೆ 26! ಆ ಒಂದು ಅನ್ನೋದೂ ಅಂದಾಜೇ. ಹಳ್ಳದ ಹೂಳನ್ನು ಅಳೆದವರಾರು? 500 ಅಡಿಗೆ ಒಂದಡಿ ಇಳಿಜಾರಿನ ನೆಲದಲ್ಲಿ ನೀರಿನ ಮಟ್ಟ ಒಂದಡಿ ತಪ್ಪಿದರೆ ಗೆರೆ 500 ಅಡಿ ಸರೀತದೆ. ಅಷ್ಟರೊಳಗೆ ಒಂದು ಕೇರಿ ಪೂರಾ ಹಿಡೀತದೆ ಸ್ವಾಮಿ.

ಆದರೂ ನಕಾಶೆಯಲ್ಲಿ ಗೆರೆ ಕೂದಲೆಳೆಯಷ್ಟು ಸಣ್ಣ. ಈ ಸಣ್ಣತನ ಯಾರಿಗೆ ಬೇಕು? ಪರಿಹಾರ ಕೇಳಿದರೆ ನಾವು ಗೆರೆಯ ಆಚೆ. ಎತ್ತಂಗಡಿ ಬಂದರೆ ಗೆರೆಯ ಒಳಗೆ. ಊರವರು ದಿಬ್ಬ ಹಿಡಿದು ನಮಗೆ ತಗ್ಗು ಬಿಟ್ಟರು. ಈಗ ಲೆಕ್ಕದ ಅನುಮಾನವನ್ನೂ ನಮ್ಮ ತಲೆಗೇ ಕಟ್ಟುತ್ತಾರೆ.

ಗೆರೆ ಬೇಡ, ಪಟ್ಟೆ ಬಳಿಯಿರಿ. ಮುಳುಗೋದು ಖಂಡಿತವಾದರೆ ಕಡುನೀಲಿ, ಮುಳುಗಬಹುದಾದರೆ ತಿಳಿನೀಲಿ. ತಿಳಿನೀಲಿಯವರಿಗೂ ಪರಿಹಾರದ ಹಕ್ಕು ಬರೆಯಿರಿ. ನಕಾಶೆಯನ್ನು ಬೀರುವಿನಲ್ಲಿಟ್ಟು ಬೀಗ ಜಡಿಯಬೇಡಿ, ಕೇರಿಯ ನಡುವೆ ತಂದು ಹಾಸಿ. ನೀರು ಎಲ್ಲೀತನಕ ಬಂದಿತ್ತು ಅಂತ ನಮ್ಮ ಮುದುಕಿಯರನ್ನು ಕೇಳಿ. ಗೋಡೆ ಮೇಲಿನ ಕೆಸರಿನ ಗುರುತು ತೋರಿಸ್ತಾರೆ.